ಎಲ್ಲಪ್ಪನವರ ವಿಮಾನ

ಕಳೆದ ದೀಪಾವಳಿಗೆ ದುಂಡಸಿಗೆ ಹೋದಾಗ ನನ್ನ ಚೀಲದಲ್ಲಿ ಒಂದು ಚಿತ್ರದ ಝೆರಾಕ್ಸ್ ಇತ್ತು. ಕಿಟಕಿಯ ಚೌಕಟ್ಟು ಸರಿಮಾಡಲು ಬಂದಿದ್ದ ಬಡಿಗ್ಯಾರ ಅಜ್ಜ ಚಹಾ ಕುಡಿಯುತ್ತ ಅದನ್ನು ಕೈಗೆತ್ತಿಕೊಂಡರು. ಸುತ್ತಲಿನ ಊರುಗಳ ತೇರುಗಳಿಗೆ ಅಚ್ಚು ಕೂರಿಸಿದ, ಸವೆದ ಗಾಲಿ ಬದಲಿಸಿದ ಕೈ ಅವರದು.

“ಯವ್ವಾ, ಇದು ಯಾವೂರ ತೇರು?”

“ತೇರಲ್ಲಜ್ಜಾ, ವಿಮಾನ.”

“ಹೌದೇನು? ಬುಡ ಅಗಲ ಐತಿ, ಮ್ಯಾಲ ಹೋದಂಗ ಸಣ್ಣಾಗೇತಿ. ತೇರಿನಂಗs ಐತಿ. ಖರೆ, ಮಿಣಿ ಕಟ್ಟೂದು ಎಲ್ಲಿ?”

ಅದು ‘ರುಕ್ಮ ವಿಮಾನ’ದ ಚಿತ್ರ. ‘ವೈಮಾನಿಕ ಶಾಸ್ತ್ರ’ ಎಂಬ ಪುಸ್ತಕವನ್ನು ಓದದವರೂ ಈ ಚಿತ್ರವನ್ನು ಮೊಬೈಲಿನಲ್ಲಿ ಎಂದಾದರೂ ಕಂಡಿರುತ್ತಾರೆ. ಇದರ ಬಗ್ಗೆ ನಾನು ಅಲ್ಲಿಯವರೆಗೆ ಕೇಳಿದ್ದು ಎರಡೇ ಮಾತು. ಋಷಿಗಳ ಕಾಲದಲ್ಲೇ ನಮ್ಮವರು ವಿಮಾನ ಹಾರಿಸಿದ್ದರು ಎಂಬುದಕ್ಕೆ ಇದು ಸಾಕ್ಷಿ ಎನ್ನುವುದು ಒಂದು. ಇದು ಬರೀ ಕಸ ಎನ್ನುವುದು ಇನ್ನೊಂದು. ಎರಡೂ ಕಡೆಯವರು ಚಿತ್ರವನ್ನು ದಾಟಿ ಅದರ ಹಿಂದಿನ ವಾದಕ್ಕೆ ಹೋಗಿಬಿಡುತ್ತಾರೆ. ಅಜ್ಜ ಮಾತ್ರ ಚಿತ್ರವನ್ನು ನೋಡಿದರು. ಅದರ ಬುಡ ನೋಡಿದರು, ತುದಿ ನೋಡಿದರು, ಎಳೆಯುವ ಹಗ್ಗ ಹುಡುಕಿದರು.

ಚಿತ್ರ ಬರೆದವರ ಹೆಸರು ಟಿ.ಕೆ. ಎಲ್ಲಪ್ಪ. ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದವರು. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ‘ಭರದ್ವಾಜ ಮಹರ್ಷಿಯದು’ ಎಂದು ಹೇಳಿ ಸಂಸ್ಕೃತ ಶ್ಲೋಕಗಳನ್ನು ನುಡಿಯುತ್ತ ಹೋದರು, ಜಿ. ವೆಂಕಟಾಚಲ ಶರ್ಮ ಬರೆದುಕೊಂಡರು. ಶಾಸ್ತ್ರಿಗಳ ಸೂಚನೆಯಂತೆ ಎಲ್ಲಪ್ಪನವರು ರುಕ್ಮ, ಶಕುನ, ಸುಂದರ, ತ್ರಿಪುರ ಎಂಬ ವಿಮಾನಗಳ ನಕ್ಷೆಗಳನ್ನು ತೆಗೆದರು. 1973ರಲ್ಲಿ ಜಿ.ಆರ್. ಜೋಸ್ಯರ್ ಅವರು ಮೈಸೂರಿನಿಂದ ಇಂಗ್ಲಿಷ್ ಅನುವಾದದೊಂದಿಗೆ ಪುಸ್ತಕ ತಂದಾಗ ಈ ನಕ್ಷೆಗಳೂ ಅಚ್ಚಾದವು. ನಕ್ಷೆಯಲ್ಲೇ ಎಲ್ಲಪ್ಪನವರ ಹೆಸರಿದೆ, ಊರಿದೆ, 1923ರ ಡಿಸೆಂಬರ್ ತೇದಿಯಿದೆ.

ಈ ಕೊನೆಯ ವಾಕ್ಯವನ್ನು ನಾನು ತಡವಾಗಿ ಕಲಿತೆ. ಎರಡು ವರ್ಷದ ಹಿಂದೆ ಒಂದು ವಿಚಾರಸಂಕಿರಣದಲ್ಲಿ (ಎಲ್ಲಿ ಎಂಬುದು ಬೇಡ) ಹಳಗನ್ನಡ ಕಾವ್ಯದಲ್ಲಿ ಬರುವ ಚಿತ್ರಪಟಗಳ ಬಗ್ಗೆ ಪ್ರಬಂಧ ಓದಿದೆ. ನನ್ನ ಸಂಶೋಧನೆಯ ವಿಷಯವೂ ಅದೇ. ಕೊನೆಯ ಸ್ಲೈಡಿಗೆ, ನೋಡಲು ಚೆಂದವಿರಲಿ ಎಂದು, ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ರುಕ್ಮ ವಿಮಾನವನ್ನು ಹಾಕಿದ್ದೆ. ಒಬ್ಬರು ಎದ್ದು, ಈ ಸುಳ್ಳನ್ನೆಲ್ಲ ವಿಶ್ವವಿದ್ಯಾಲಯದ ಸಭೆಗೆ ಯಾಕೆ ತರುತ್ತೀರಿ ಎಂದರು. ಇನ್ನೊಬ್ಬರು, ಇದು ಸುಳ್ಳೆಂದು ಯಾರು ಹೇಳಿದರು ಎಂದು ಅವರ ಮೇಲೇ ಹರಿಹಾಯ್ದರು. ಗದ್ದಲ ನಿಂತ ಮೇಲೆ ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಮೆಲ್ಲಗೆ ಕೇಳಿದಳು: “ಮೇಡಂ, ಇದನ್ನ ಬಿಡಿಸಿದ್ದು ಯಾರು?” ನನ್ನಲ್ಲಿ ಉತ್ತರವಿರಲಿಲ್ಲ. ನಾನು ಇಳಿಸಿಕೊಂಡ ಪ್ರತಿಯಲ್ಲಿ ಕೆಳಗಿನ ಪಟ್ಟಿಯನ್ನು ಯಾರೋ ಕತ್ತರಿಸಿದ್ದರು. ಚಿತ್ರಕಾರರ ಬಗ್ಗೆಯೇ ಪಿಎಚ್.ಡಿ. ಮಾಡುವವಳು ಚಿತ್ರಕಾರನ ಹೆಸರಿಲ್ಲದ ಚಿತ್ರ ತೋರಿಸಿ ಇಳಿದುಬಂದಿದ್ದೆ.

ಆಮೇಲೆ ಹುಡುಕತೊಡಗಿದೆ. ಸಂಗ್ರಹ ಎನ್ನುವ ದೊಡ್ಡ ಹೆಸರು ಅದಕ್ಕೆ ಒಪ್ಪದು. ಒಂದು ರಟ್ಟಿನ ಫೈಲು ಅಷ್ಟೇ.

ವಿಜ್ಞಾನದ ಲೆಕ್ಕ ಇಲ್ಲಿ ಚುಕ್ತಾ ಆಗಿ ಐವತ್ತು ವರ್ಷವಾಯಿತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ, ಎಸ್.ಎಂ. ದೇಶಪಾಂಡೆ, ಎಚ್.ಆರ್. ನಾಗೇಂದ್ರ, ಎ. ಪ್ರಭು ಮತ್ತು ಎಸ್.ಪಿ. ಗೋವಿಂದರಾಜು ಈ ಪುಸ್ತಕವನ್ನು ಕೂಲಂಕಷವಾಗಿ ಓದಿ ಲೇಖನ ಬರೆದರು. ಭಾಷೆಯನ್ನೂ ಹಿನ್ನೆಲೆಯನ್ನೂ ನೋಡಿದರೆ ಕೃತಿಯನ್ನು 1904ಕ್ಕಿಂತ ಹಿಂದಕ್ಕೆ ಒಯ್ಯಲಾಗದು, ಇಲ್ಲಿ ವರ್ಣಿಸಿದ ಯಾವ ವಿಮಾನವೂ ಹಾರಲಾರದು ಎಂದರು. ಆದರೂ 2015ರ ಜನವರಿಯಲ್ಲಿ ಮುಂಬೈಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪ್ರಾಚೀನ ಭಾರತದ ವಿಮಾನವಿದ್ಯೆಯ ಮೇಲೆ ಪ್ರಬಂಧ ಮಂಡನೆಯಾಯಿತು, ದೇಶದ ತುಂಬ ಜಗಳವಾಯಿತು. ನಾನಾಗ ಪಿಯುಸಿ. ನಮ್ಮ ಮನೆಯ ಮೊಬೈಲಿಗೂ ರುಕ್ಮ ವಿಮಾನ ಬಂದಿತ್ತು, ಬಣ್ಣ ಬಳಿದುಕೊಂಡು.

ಐವರು ವಿಜ್ಞಾನಿಗಳ ಲೇಖನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಣ್ಣ ಆಕ್ಷೇಪ. ಪಠ್ಯಕ್ಕೂ ನಕ್ಷೆಗಳಿಗೂ ಹೊಂದಿಕೆಯಿಲ್ಲ. ಆಧುನಿಕ ಯಂತ್ರಗಳನ್ನು ಬಲ್ಲವನ ಗುರುತು ನಕ್ಷೆಗಳಲ್ಲಿದೆ ಎಂದು ಅವರು ಹೇಳುತ್ತಾರೆ. ವಿಜ್ಞಾನಿಗೆ ಅದು ದೋಷ. ಚಿತ್ರ ನೋಡುವವರಿಗೆ ಅದೇ ಬಾಗಿಲು. ಶಾಸ್ತ್ರಿಗಳ ಶ್ಲೋಕ ಎಲ್ಲಿ ಕೈಬಿಡುತ್ತದೋ ಅಲ್ಲಿ ಎಲ್ಲಪ್ಪನವರ ಕೈ ಶುರುವಾಗುತ್ತದೆ. ಶ್ಲೋಕ ಆಕಾರ ಕೊಡದಿದ್ದಾಗ ಅವರು ತಮಗೆ ಗೊತ್ತಿದ್ದಲ್ಲಿಂದ ತರಬೇಕಾಯಿತು. ಕಾಲೇಜಿನ ಮೇಜಿನಿಂದ ಯಂತ್ರದ ಭಾಗಗಳು ಬಂದವು. ಉಳಿದದ್ದು ಎಲ್ಲಿಂದ?

ಅಜ್ಜನ ಮಾತು ಇಲ್ಲಿ ಕೆಲಸಕ್ಕೆ ಬಂತು. ‘ವಿಮಾನ’ ಎಂದರೆ ಗರ್ಭಗುಡಿಯ ಮೇಲೇಳುವ ಗೋಪುರವೂ ಹೌದು. ಶಿಲ್ಪಶಾಸ್ತ್ರದ ಮಾತು ಅದು. ನಮ್ಮ ಜಿಲ್ಲೆಯವರಿಗೆ ಇದನ್ನು ಪುಸ್ತಕದಿಂದ ಕಲಿಸಬೇಕಿಲ್ಲ. ಹಾವೇರಿಯ ಪುರದ ಸಿದ್ಧೇಶ್ವರ ಗುಡಿಗೆ ಹೋಗಿ ಹೊರಗೋಡೆಯನ್ನು ನೋಡಿ. ದೊಡ್ಡ ವಿಮಾನ ತಲೆಯ ಮೇಲಿದ್ದರೂ ಸಾಲದೆಂಬಂತೆ ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿ ಕೈಯಗಲದ ಕಿರುವಿಮಾನಗಳನ್ನು ಗೋಡೆಯ ಮೇಲೂ ಕಡೆದಿದ್ದಾನೆ. ತೇರೂ ಅದೇ ಆಕಾರವೇ, ಗಾಲಿ ಕಟ್ಟಿಕೊಂಡ ಗುಡಿ. ರುಕ್ಮ ವಿಮಾನದಲ್ಲಿ ಎಲ್ಲಪ್ಪನವರು ಮಾಡಿದ್ದು ಇಷ್ಟು: ಗುಂಡಗಿನ ಅಗಲ ಬುಡ, ಮೇಲೆ ಹೋದಂತೆ ಕಿರಿದಾಗುವ ಗೋಪುರ, ಅದರ ಮಧ್ಯೆ ನೆಟ್ಟಗೆ ನಿಂತ ಕೊಳವೆಗಳು, ಗಾಳಿ ಎಳೆಯುವ ಫ್ಯಾನುಗಳು. ಗುಡಿಯ ವಿಮಾನ, ಪುರಾಣದ ವಿಮಾನ, ಅಷ್ಟರಲ್ಲಿ ಲೋಕದಲ್ಲೆಲ್ಲ ಸುದ್ದಿಯಾಗಿದ್ದ ಯಂತ್ರದ ವಿಮಾನ, ಮೂರನ್ನೂ ಒಂದೇ ಹಾಳೆಯ ಮೇಲೆ ನಿಲ್ಲಿಸಿದ್ದಾರೆ. ಒಂದೇ ಪದಕ್ಕಿದ್ದ ಮೂರು ಅರ್ಥಗಳನ್ನು ಒಂದು ಆಕೃತಿಯಾಗಿ ಕಂಡವರು ಕನ್ನಡ ನಾಡಿನಲ್ಲಿ ಇನ್ನೊಬ್ಬರಿದ್ದರೆ ನನಗೆ ತೋರಿಸಿ. ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಶುರುವಾಗಿದ್ದು 1940ರ ಡಿಸೆಂಬರಿನಲ್ಲಿ, ಈ ಚಿತ್ರಕ್ಕೆ ಹದಿನೇಳು ವರ್ಷ ತುಂಬಿದ ಮೇಲೆ.

ನಾಲ್ಕೂ ಚಿತ್ರಗಳು ಸಮವಲ್ಲ. ತ್ರಿಪುರ ನನಗೆ ಹಿಡಿಸಿಲ್ಲ. ನೆಲ, ನೀರು, ಆಕಾಶ ಮೂರರಲ್ಲೂ ಹೋಗಬೇಕಾದ ಆ ವಿಮಾನಕ್ಕೆ ಯಾವುದರಲ್ಲೂ ಹೋಗುವ ಲವಲವಿಕೆಯಿಲ್ಲ, ಅಂತಸ್ತಿನ ಮೇಲೆ ಅಂತಸ್ತು ಹೇರಿದಂತಿದೆ. ಸುಂದರ ಹೆಸರಿಗಷ್ಟೇ. ಶಕುನದಲ್ಲಿ ಹಕ್ಕಿಯ ರೆಕ್ಕೆ, ಬಾಲಗಳಿವೆ. ಹೊಟ್ಟೆಯನ್ನು ಸೀಳಿ ತೋರಿಸಿದ ನಕ್ಷೆಯಲ್ಲಿ ಒಳಗೆ ಯಂತ್ರಗಳಿವೆ. ಹಕ್ಕಿ ಎಂಬ ಭಾವ ಹೊರಗೆ, ಕಾರ್ಖಾನೆ ಒಳಗೆ, ಎರಡಕ್ಕೂ ಮಾತುಕತೆ ಇಲ್ಲ. ರುಕ್ಮ ಮಾತ್ರ ಒಂದೇ ಉಸಿರಿನಲ್ಲಿ ಎದ್ದುನಿಂತಿದೆ. ರುಕ್ಮ ಎಂದರೆ ಬಂಗಾರ. ಬಂಗಾರದ ವಿಮಾನವನ್ನು ಬಣ್ಣವೇ ಇಲ್ಲದ ಗೆರೆಗಳಲ್ಲಿ ನೋಡುವಾಗ ಅದು ಇನ್ನಷ್ಟು ಬಿಗಿಯಾಗಿ ಕಾಣುತ್ತದೆ.

ಇನ್ನು ಕಷ್ಟದ ಮಾತಿಗೆ ಬರಬೇಕು. ಇಷ್ಟು ಹೊಗಳಿದರೆ ಸುಳ್ಳಿಗೆ ನೀರೆರೆದಂತಾಗುವುದಿಲ್ಲವೇ? ನನ್ನ ಮಾರ್ಗದರ್ಶಕರೂ ಇದನ್ನೇ ಕೇಳಿದರು. ಸುಲಭದ ಉತ್ತರವಿಲ್ಲ, ಯಾಕೆಂದರೆ ಜನರನ್ನು ನಂಬಿಸಿದ್ದು ಶ್ಲೋಕಗಳಲ್ಲ, ನಕ್ಷೆಗಳು. ನಮ್ಮ ಅಲಂಕಾರಶಾಸ್ತ್ರದಲ್ಲಿ ಉತ್ಪ್ರೇಕ್ಷೆ ಎಂಬುದಿದೆ. ಒಂದನ್ನು ಇನ್ನೊಂದೆಂದು ಕಲ್ಪಿಸುವಾಗ ಕವಿ ‘ಎಂಬಂತೆ’ ಎಂದೋ ‘ಎನೆ’ ಎಂದೋ ಒಂದು ಗುರುತು ಬಿಡುತ್ತಾನೆ. ಕೇಳುಗರಿಗೆ ಇದು ಕಲ್ಪನೆ ಎಂದು ತಿಳಿಯುತ್ತದೆ. ಇಂಜಿನಿಯರಿಂಗ್ ನಕ್ಷೆಗೆ ಅಂಥ ಗುರುತು ಇಲ್ಲ. ಅದರ ಗೆರೆಗೆ ಗೊತ್ತಿರುವುದು ‘ಇದೆ’ ಎನ್ನುವುದೊಂದೇ. ಹೊರನೋಟ, ಸೀಳುನೋಟ, ಭಾಗಗಳ ಹೆಸರು ಎಲ್ಲವೂ ಇದನ್ನು ಯಾರೋ ನಾಳೆ ಕಟ್ಟುತ್ತಾರೆ ಎಂಬ ಭರವಸೆಯ ಮೇಲೆ ನಿಂತ ಭಾಷೆ. ಎಲ್ಲಪ್ಪನವರು ಆ ಭಾಷೆಯಲ್ಲಿ ಒಂದು ಕನಸನ್ನು ಬರೆದರು. ಅವರ ಕಸುಬುದಾರಿಕೆಯೇ ಸುಳ್ಳಿನ ಕೈಗೆ ಸಿಕ್ಕಿತು.

ಪಂಪನ ‘ಆದಿಪುರಾಣ’ದಲ್ಲಿ, ಅಂದರೆ 941ರಲ್ಲಿ, ಇದಕ್ಕೆ ಹತ್ತಿರದ ಪ್ರಸಂಗವಿದೆ. ಅರಮನೆಯಲ್ಲಿದ್ದ ಶ್ರೀಮತಿ, ಯಶೋಧರರ ಕೇವಲಜ್ಞಾನದ ಪೂಜೆಗೆ ಆಕಾಶದಲ್ಲಿ ಬರುತ್ತಿದ್ದ ದೇವತೆಗಳನ್ನು ಕಂಡು ಮೂರ್ಛೆ ಹೋಗುತ್ತಾಳೆ. ಹಿಂದಿನ ಜನ್ಮದಲ್ಲಿ ತಾನು ಸ್ವಯಂಪ್ರಭೆ, ತನ್ನವನು ಲಲಿತಾಂಗ ಎಂಬುದು ನೆನಪಾಗುತ್ತದೆ. ಆ ಜನ್ಮವನ್ನು ಪಟದಲ್ಲಿ ಬರೆಯುತ್ತಾಳೆ. ದಾದಿ ಅದನ್ನು ಜಿನಾಲಯದಲ್ಲಿ ಹರವಿಡುತ್ತಾಳೆ. ಪಂಪನಿಗೆ ಆಕರವಾದ ಜಿನಸೇನರ ಕೃತಿಯಲ್ಲಿ, ನಾನೇ ಲಲಿತಾಂಗ ಎಂದು ಸುಳ್ಳು ಹೇಳಿಕೊಂಡು ಬಂದವರೂ ಇದ್ದಾರೆ. ಚಿತ್ರದೊಳಗಿನ ಗುಟ್ಟುಗಳನ್ನು ಕೇಳಿದಾಗ ಅವರು ಬಾಯಿಬಿಡಲಾರದೆ ಹೋಗುತ್ತಾರೆ. ವಜ್ರಜಂಘ ನಿಜವಾಗಿ ಗುರುತಿಸುತ್ತಾನೆ. ಆಕಾಶ ಕಂಡು ಹುಟ್ಟಿದ ಚಿತ್ರ, ಅದಕ್ಕೆ ಸುಳ್ಳು ಹಕ್ಕುದಾರರು, ಅವರನ್ನು ಸೋಲಿಸುವುದಕ್ಕೆ ಚಿತ್ರವೇ ಸಾಕು. ಎಲ್ಲಪ್ಪನವರ ಪಟಕ್ಕೂ ಹಾಗೆಯೇ. ಅದರ ಗುಟ್ಟು ಕೆಳಗಿನ ಪಟ್ಟಿಯಲ್ಲಿದೆ: ಹೆಸರು, ಬೆಂಗಳೂರು, 1923. ಆ ತೇದಿಯೊಂದಿಗೆ ಚಿತ್ರವನ್ನು ನೋಡಿದವರು ಅದನ್ನು ಸಾವಿರಾರು ವರ್ಷ ಹಿಂದಕ್ಕೆ ಒಯ್ಯಲು ಆಗದು. ಅದಕ್ಕೇ ಆ ಪಟ್ಟಿಯನ್ನು ಕತ್ತರಿಸುತ್ತಾರೆ. ಗೊತ್ತಿಲ್ಲದೆ ನಾನೂ ಅವರ ಸಾಲಿನಲ್ಲಿ ನಿಂತಿದ್ದೆ.

ವಿಮಾನದ ಚಿತ್ರಕಲೆ ಎಂದು ಹೊರದೇಶಗಳಲ್ಲಿ ಒಂದು ಪ್ರತ್ಯೇಕ ಪ್ರಕಾರವೇ ಇದೆ. ಇಟಲಿಯ ತುಲ್ಲಿಯೊ ಕ್ರಾಲಿ 1939ರಲ್ಲಿ ಪೈಲಟ್‌ನ ಬೆನ್ನ ಹಿಂದೆ ಕೂತು ನೋಡಿದಂತೆ, ನಗರದ ಮೇಲೆ ನೇರ ಧುಮುಕುವ ವಿಮಾನವನ್ನು ಬರೆದ. ಹೊಟ್ಟೆ ತೊಳಸುವ ಚಿತ್ರ ಅದು. ಇಂಗ್ಲೆಂಡ್, ಅಮೆರಿಕಗಳಲ್ಲಿ ಮಹಾಯುದ್ಧದ ವಿಮಾನಗಳ ಚಿತ್ರಗಳನ್ನು ಎಣಿಕೆಯ ಪ್ರತಿಗಳಲ್ಲಿ ಅಚ್ಚುಹಾಕಿ, ಪೈಲಟ್‌ಗಳಿಂದ ಸಹಿ ಮಾಡಿಸಿ ಮಾರುತ್ತಾರೆ. ನಮ್ಮಂಥವರ ಕೈಗೆಟಕುವುದು ಅಂಚೆಚೀಟಿ. 1929ರ ಭಾರತದ ಏರ್‌ಮೇಲ್ ಚೀಟಿಗಳಲ್ಲಿ ಜಾರ್ಜ್ ದೊರೆಯ ಪಕ್ಕದಲ್ಲೊಂದು ವಿಮಾನ ಹಾರುತ್ತದೆ. 1911ರ ಫೆಬ್ರವರಿ 18ರಂದು ಅಲಹಾಬಾದಿನಿಂದ ನೈನಿಗೆ ಹೆನ್ರಿ ಪೆಕೆ ಕಾಗದಗಳನ್ನು ಹಾರಿಸಿಕೊಂಡು ಹೋದದ್ದಕ್ಕೆ ಐವತ್ತು ವರ್ಷವಾದಾಗ, 1961ರಲ್ಲಿ ಬಂದ ಚೀಟಿಗಳೂ ಇವೆ. ಇವುಗಳಲ್ಲಿ ಕೆಲವು ನನ್ನ ಫೈಲಿನಲ್ಲಿವೆ. ಚೆಂದವೇ. ಆದರೆ ರುಕ್ಮದ ಮುಂದೆ ಬಡವಾಗಿ ಕಾಣುತ್ತವೆ. ಅವು ಕಂಡದ್ದನ್ನು ಬರೆದವು, ಇದು ಕಾಣದ್ದನ್ನು.

ಇದೇ ಮಾತಿಗೆ ವಿರುದ್ಧ ಸಾಕ್ಷಿಯೂ ಬೆಂಗಳೂರಿನಲ್ಲೇ ಇದೆ, ಅದನ್ನು ಮುಚ್ಚಿಡಬಾರದು. ಎಚ್‌ಎಎಲ್ ಮ್ಯೂಸಿಯಮ್ಮಿಗೆ ಹೋದವರು ಮಾರುತ್ ಯುದ್ಧವಿಮಾನವನ್ನು ನೋಡಿರುತ್ತೀರಿ. ಜರ್ಮನಿಯ ಕುರ್ಟ್ ಟ್ಯಾಂಕ್ ವಿನ್ಯಾಸ ಮಾಡಿದ್ದು, 1961ರ ಜೂನ್ 17ರಂದು ಮೊದಲು ಹಾರಿದ್ದು. ರೆಕ್ಕೆ ಸೇರುವಲ್ಲಿ ಅದರ ಮೈ ಸೊಂಟದಂತೆ ಒಳಗೆ ಹೋಗಿದೆ. ಶಬ್ದದ ವೇಗದ ಹತ್ತಿರ ಗಾಳಿಯ ತಡೆ ಕಡಿಮೆಯಾಗಲಿ ಎಂದು ಹಾಗೆ ಮಾಡಿದ್ದು, ಚೆಂದಕ್ಕಲ್ಲ. ಆದರೂ ಅದರಷ್ಟು ಚೆಂದದ ಗೆರೆ ಎಲ್ಲಪ್ಪನವರ ನಾಲ್ಕೂ ಚಿತ್ರಗಳಲ್ಲಿಲ್ಲ. ಗಾಳಿಯೇ ತಿದ್ದಿದ ಗೆರೆ ಅದು. 1958ರಲ್ಲಿ ಅದೇ ಕಾರ್ಖಾನೆ ಫ್ಲೈಯಿಂಗ್ ಕ್ಲಬ್ಬುಗಳಿಗೆಂದು ಇಬ್ಬರು ಕೂರುವ, ಒಂದೇ ಎಂಜಿನಿನ, ಬಟ್ಟೆ ಹೊದಿಸಿದ ರೆಕ್ಕೆಯ ಪುಟ್ಟ ವಿಮಾನ ಮಾಡಿತು. ಅದಕ್ಕೆ ಇಟ್ಟ ಹೆಸರು ಪುಷ್ಪಕ್. ನಮ್ಮ ನಾಡಿನಲ್ಲಿ ನಿಜವಾಗಿ ಹಾರಿದ ಪುಷ್ಪಕ ಅದು, ಹುಡುಗರಿಗೆ ಹಾರಲು ಕಲಿಸುತ್ತ.

ಈಗ ನನ್ನ ಫೈಲಿಗೆ ಒಂದೇ ನಿಯಮ. ಬಣ್ಣ ಬಳಿದದ್ದು, ಕಂಪ್ಯೂಟರಿನಲ್ಲಿ ಉಬ್ಬಿಸಿದ್ದು, ಹೆಸರಿನ ಪಟ್ಟಿ ಹಾರಿಸಿದ್ದು ಒಳಗೆ ಬರುವುದಿಲ್ಲ. ಹಳೆಯ ಮುದ್ರಣದಿಂದ ತೆಗೆದ ಪ್ರತಿ ಮಸುಕಾಗಿದ್ದರೂ ಸರಿ, ಕೆಳಗೆ ಎಲ್ಲಪ್ಪ ಎಂದು ಓದಲು ಬರಬೇಕು. ಹಾಗೆ ನೋಡಹೊರಟರೆ ಹತ್ತರಲ್ಲಿ ಒಂಬತ್ತನ್ನು ಬಿಟ್ಟುಬರಬೇಕಾಗುತ್ತದೆ.

ಅಜ್ಜ ಅಂದು ಕೈಗೆತ್ತಿಕೊಂಡದ್ದು ಹೆಸರಿದ್ದ ಪ್ರತಿಯೇ. ನಾನು ಒಳಗೆ ಹೋಗಿ ಚಹಾದ ಕಪ್ಪು ಇಟ್ಟು ಬರುವಷ್ಟರಲ್ಲಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ರುಕ್ಮ ವಿಮಾನದ ಬುಡಕ್ಕೆ ಒಂದು ಅಚ್ಚು, ಎರಡು ಗಾಲಿ, ಮುಂದಕ್ಕೆ ಎರಡೆಳೆ ಮಿಣಿ ಎಳೆದಿಟ್ಟಿದ್ದರು. ಸಂಗ್ರಹಿಸುವವರ ಎದೆ ಧಸಕ್ಕೆನ್ನುವ ಕೆಲಸ. “ಇವ ಎಲ್ಲಪ್ಪ ಯಾರವಾ? ಕೈ ಚಲೋ ಐತಿ ನೋಡು, ಗಾಲಿ ಒಂದು ಮರತಾನ” ಎಂದರು. ಆ ಪ್ರತಿ ಫೈಲಿನ ಮೊದಲ ಹಾಳೆಯಾಗಿದೆ. ಎಲ್ಲಪ್ಪನವರ ಸಹಿಯ ಪಕ್ಕದಲ್ಲಿ ಅಜ್ಜನ ಹೆಸರನ್ನೂ, ಆ ದಿನದ ತೇದಿಯನ್ನೂ ಬರೆದುಕೊಂಡಿದ್ದೇನೆ.