ಬಲ್ಗೇರಿಯದ ವೃಂದಗಾನ: ದೇಶಿಯೂ ಮಾರ್ಗವೂ

ಸ್ಲಾವ್ ಜನಾಂಗಗಳ ಜಾನಪದ ಸಂಗೀತದಲ್ಲಿ ಬಲ್ಗೇರಿಯದ ಸ್ತ್ರೀಯರ ವೃಂದಗಾನವು ವಿಶೇಷವಾದ ಲೋಕಮನ್ನಣೆಯನ್ನು ಪಡೆದಿದೆ. ಸ್ವಿಟ್ಜರ್ಲೆಂಡಿನ ಮಾರ್ಸೆಲ್ ಸೆಲ್ಲಿಯೇ ಎಂಬವರು 1975ರಲ್ಲಿ ಹೊರತಂದ ಧ್ವನಿಮುದ್ರಿಕೆಯು ಅದನ್ನು ಪರದೇಶಗಳಿಗೆ ಪರಿಚಯಿಸಿತು. ಅದೇ ಮಾಲೆಯ ಎರಡನೆಯ ಮುದ್ರಿಕೆಗೆ 1990ರಲ್ಲಿ ಅಮೆರಿಕದ ಗ್ರ್ಯಾಮಿ ಪ್ರಶಸ್ತಿಯು ದೊರೆಯಿತು. ಆದರೆ ಲೋಕವು ಮೆಚ್ಚಿದುದು ಹಳ್ಳಿಯ ಹಾಡನ್ನೋ, ಅದರ ಮೇಲೆ ಪಂಡಿತರು ಕಟ್ಟಿದ ಉಪ್ಪರಿಗೆಯನ್ನೋ ಎಂಬುದು ವಿಚಾರಾರ್ಹವಾಗಿದೆ.

ಸೋಫಿಯಾ ನಗರದ ಸುತ್ತಣ ಶೋಪ್ ಸೀಮೆಯಲ್ಲಿ ಹೆಂಗಸರು ಕೊಯ್ಲಿನಲ್ಲಿಯೂ ಮದುವೆಯಲ್ಲಿಯೂ ಹಬ್ಬದ ಕುಣಿತದಲ್ಲಿಯೂ ಎರಡು ಪಂಗಡವಾಗಿ ನಿಂತು ಒಬ್ಬರಾದಮೇಲೊಬ್ಬರು ಹಾಡುವರು. ಒಬ್ಬಳು ರಾಗವನ್ನು ನಡೆಯಿಸಿದರೆ ಉಳಿದವರು ತಂಬೂರಿಯ ಶ್ರುತಿಯಂತೆ ಒಂದೇ ಸ್ವರವನ್ನು ಹಿಡಿದಿರುವರು. ಷಡ್ಜ ಋಷಭಗಳು ಏಕಕಾಲದಲ್ಲಿ ಮೊಳಗಿದಂತೆ ನೆರೆಯ ಸ್ವರಗಳೆರಡು ಒಂದನ್ನೊಂದು ಒರಸುವುವು. ಹೊರಗಿನ ಕಿವಿಗೆ ಇದು ವಿಸಂವಾದವೆನಿಸಬಹುದು. ಹಾಡುವವರಿಗಾದರೋ ಅದೇ ಘಂಟಾನಾದದ ಸೊಗಸು.

ಈ ದೇಶಿಗೆ ಮಾರ್ಗದ ಸಂಸ್ಕಾರವನ್ನಿತ್ತವನು ಫಿಲಿಪ್ ಕುತೇವ್ (1903–1982). ಅವನು 1951ರಲ್ಲಿ ಸರಕಾರದ ಆಶ್ರಯದಲ್ಲಿ ಮೇಳವೊಂದನ್ನು ಸ್ಥಾಪಿಸಿ, ಹಳ್ಳಿಹಳ್ಳಿಗಳಿಂದ ಗಾಯಕಿಯರನ್ನು ಆರಿಸಿ ತಂದು, ಅವರ ಹಾಡುಗಳಿಗೆ ಹಲವು ಕಂಠಗಳ ಸ್ವರಸಂಯೋಜನೆಯನ್ನು ರಚಿಸಿದನು. ಅವನ ಔಚಿತ್ಯಜ್ಞಾನವು ಶ್ಲಾಘ್ಯವಾದುದು. ಗಂಟಲನ್ನು ತೆರೆದು ಹಾಡುವ ಗ್ರಾಮ್ಯಧ್ವನಿಯನ್ನು ಅವನು ನಯಗೊಳಿಸಲಿಲ್ಲ. ಸ್ವರಗಳ ಘರ್ಷಣೆಯನ್ನು ದೋಷವೆಂದು ತಿದ್ದಲಿಲ್ಲ. ಎರಡು, ಎರಡು, ಮೂರು ಎಂದು ನಡೆಯುವ ಏಳು ಮಾತ್ರೆಗಳ ಕುಂಟುಲಯವನ್ನು ಸಮಮಾಡಲಿಲ್ಲ.

ಆದರೂ ಹಾನಿಯಾಗಲಿಲ್ಲವೆನ್ನುವಂತಿಲ್ಲ. ಹೊಲದಲ್ಲಿ ಹಾಡು ಕೆಲಸದ ಉದ್ದಕ್ಕೆ ಬೆಳೆಯುತ್ತಿತ್ತು. ರಂಗದಲ್ಲಿ ಅದು ಕೆಲವು ನಿಮಿಷಗಳಿಗೆ ಮೊಟಕಾಯಿತು. ಹಳ್ಳಿಯಲ್ಲಿ ಗಾಯಕಿಯರು ಒಬ್ಬರ ಉಸಿರನ್ನೊಬ್ಬರು ನೋಡಿ ಹಾಡುತ್ತಿದ್ದರು. ಇಲ್ಲಿ ನಿರ್ದೇಶಕನ ಕೈಯನ್ನು ನೋಡುವರು. ಒಂದೊಂದು ಸೀಮೆಗೂ ಮೀಸಲಾಗಿದ್ದ ಧಾಟಿಗಳು ಒಂದೇ ಮೇಳದ ಧಾಟಿಯಲ್ಲಿ ಕರಗಿದುವು. ಬರೆದ ಸ್ವರಲಿಪಿಯು ಸ್ವರವನ್ನು ಹಿಡಿದೀತು. ಕಂಠದ ನಡುಕವನ್ನೂ ಕೊನೆಯ ಕೂಗನ್ನೂ ಬಾಯಿಂದ ಬಾಯಿಗೇ ಕಲಿಯಬೇಕು. ಕಲಿಸುವ ಮುದುಕಿಯು ಇಲ್ಲವಾದರೆ ಮಾರ್ಗಕ್ಕೆ ಆಕರವೆಲ್ಲಿ?

ಆದುದರಿಂದಲೇ ವಿತೊಷಾ ಪರ್ವತದ ತಪ್ಪಲಿನ ಬಿಸ್ತ್ರಿತ್ಸ ಎಂಬ ಹಳ್ಳಿಯ ‘ಅಜ್ಜಿಯರ’ ಗಾನವನ್ನು ಯುನೆಸ್ಕೊ ಸಂಸ್ಥೆಯು 2005ರಲ್ಲಿ ಮಾನವಕುಲದ ಅಮೂಲ್ಯ ಪರಂಪರೆಗಳಲ್ಲೊಂದೆಂದು ಸಾರಿದುದು ಉಚಿತವಾಗಿದೆ. ಅಲ್ಲಿ ಸ್ವರಸಂಯೋಜಕನಿಲ್ಲ, ಅಜ್ಜಿಯಿಂದ ಮೊಮ್ಮಗಳಿಗೆ ಇಳಿದ ಕಂಠವೊಂದೇ ಇದೆ.

ಕುತೇವನ ಕೃತಿಯನ್ನು ತಿರಸ್ಕರಿಸಬೇಕಾಗಿಲ್ಲ. ಅದು ಸ್ವತಂತ್ರವಾದ ಕಾವ್ಯ. ಅದನ್ನೇ ಹಳ್ಳಿಯ ಹಾಡೆಂದು ಭ್ರಮಿಸಿ, ಅದರ ಅಳತೆಯಿಂದ ಹಳ್ಳಿಯನ್ನು ಅಳೆಯುವುದು ಮಾತ್ರ ತಪ್ಪು. ಮೇಳವನ್ನು ಕೇಳಿ ತಣಿದ ಸಹೃದಯನು ಬಿಸ್ತ್ರಿತ್ಸದ ಅಜ್ಜಿಯರನ್ನೂ ಒಮ್ಮೆ ಕೇಳಲಿ. ಮೊದಲು ಒರಟೆನಿಸಿದರೆ ಎದ್ದುಹೋಗದೆ ಇನ್ನೊಂದು ಹಾಡಿನವರೆಗೆ ಕುಳಿತಿರಲಿ.