ಸಮಿತಿಯಲ್ಲಿ ಊರು ಎಲ್ಲಿದೆ?

ಕತೆ ಬರೆಯುವವರಿಗೆ ಒಂದು ಅಭ್ಯಾಸ ಅಂಟಿಕೊಂಡಿರುತ್ತದೆ. ಕೈಗೆ ಸಿಕ್ಕ ಯಾವ ಬರೆಹವನ್ನಾದರೂ ಕತೆಯಂತೆಯೇ ಓದುತ್ತೇವೆ. ಯಾರು ಒಳಗೆ ಬಂದರು, ಯಾರಿಗೆ ಮಾತು ಸಿಕ್ಕಿತು, ಯಾರು ಬಾಗಿಲ ಹೊರಗೇ ನಿಂತರು ಎಂದು ಹುಡುಕುತ್ತೇವೆ. ಕಾಯಿದೆಗಳನ್ನೂ ಹೀಗೆ ಓದಬಹುದು. ಹಳೆಯ ಕಟ್ಟಡ, ಗುಡಿ, ಗುಮ್ಮಟಗಳ ರಕ್ಷಣೆಗೆಂದು ನಮ್ಮಲ್ಲಿರುವ ಕಾಯಿದೆಗಳಲ್ಲಿ ಕಲ್ಲು ಇದೆ, ಅಧಿಕಾರಿ ಇದ್ದಾರೆ, ತಜ್ಞರಿದ್ದಾರೆ. ಆ ಕಲ್ಲಿನ ನೆರಳಿನಲ್ಲೇ ಹುಟ್ಟಿ, ಅದಕ್ಕೆ ಸುಣ್ಣ ಬಳಿದು, ಎಣ್ಣೆ ಹಾಕಿ, ಅದರ ಕಟ್ಟೆಯ ಮೇಲೆ ಕೂತು ಜಗಳ ಬಗೆಹರಿಸಿಕೊಂಡು ಬಂದ ಊರವರು ಮಾತ್ರ ಅಪರೂಪ. ಬಂದರೂ ಹೆಚ್ಚಾಗಿ ಅತಿಕ್ರಮಣದಾರರ ವೇಷದಲ್ಲಿ ಬರುತ್ತಾರೆ.

ಕಾಯಿದೆ ಕಲ್ಲನ್ನು ಮೊದಲು ಒಡೆತನದ ಲೆಕ್ಕದಲ್ಲಿ ಹಂಚುತ್ತದೆ. ರಾಷ್ಟ್ರೀಯ ಮಹತ್ವದ ಸ್ಮಾರಕಗಳು ಕೇಂದ್ರಕ್ಕೆ, ಉಳಿದ ಪ್ರಾಚೀನ ಸ್ಮಾರಕಗಳು ರಾಜ್ಯಕ್ಕೆ ಎಂದು ಸಂವಿಧಾನದ ಪಟ್ಟಿಗಳೇ ಹೇಳುತ್ತವೆ. ಕೇಂದ್ರದ 1958ರ ಕಾಯಿದೆ ಕನಿಷ್ಠ 100 ವರ್ಷ ಹಳೆಯದನ್ನು ಕೇಳುತ್ತದೆ. ರಾಜ್ಯಕ್ಕೆ 1961ರ ಕಾಯಿದೆ ಇದೆ. ಕರ್ನಾಟಕದಲ್ಲಿ ಕೇಂದ್ರದ ಪಟ್ಟಿಯಲ್ಲಿರುವವು ಸುಮಾರು 500, ರಾಜ್ಯದ ಪಟ್ಟಿಯಲ್ಲಿರುವವು 800ಕ್ಕೂ ಹೆಚ್ಚು. ಇಪ್ಪತ್ತೇಳು ಸಾವಿರಕ್ಕೂ ಮೀರಿದ ಹಳ್ಳಿಗಳ ರಾಜ್ಯದಲ್ಲಿ ಉಳಿದ ಅಗಸಿ, ವಾಡೆ, ಬಾವಿ, ವೀರಗಲ್ಲು, ಹಳೆಯ ಮಸೀದಿಗಳ ಗತಿ ಏನು? ಗುಡಿಯಾದರೆ ಧಾರ್ಮಿಕ ದತ್ತಿ ಇಲಾಖೆ ಅಥವಾ ಟ್ರಸ್ಟು, ದರ್ಗಾ ಆದರೆ ವಕ್ಫ್ ಮಂಡಳಿ, ಯಾರದೂ ಅಲ್ಲದಿದ್ದರೆ ಕಲ್ಲು ಬೇಕಾದವರದು. ಗುಡಿ ಮತ್ತು ವಕ್ಫ್ ಕಾಯಿದೆಗಳು ಆಸ್ತಿಯನ್ನು ಕಾಯುತ್ತವೆ. ಹಳೆಯ ಗೋಡೆಯನ್ನು ಕೆಡವಿ ಗ್ರಾನೈಟ್ ಹಾಕಿದರೆ ಆಸ್ತಿಯ ಬೆಲೆ ಏರುತ್ತದೆಯೇ ಹೊರತು ಆ ಕಾಯಿದೆಗಳಿಗೆ ನೋವಾಗುವುದಿಲ್ಲ.

ಈ ಹಂಚಿಕೆಗೆ ಸುಲಭವಾಗಿ ಸಿಗದ ಊರು ಮಂಗಸೂಳಿ. ಹಿಂದೆ ಅಥಣಿ ತಾಲ್ಲೂಕಿನಲ್ಲಿದ್ದು ಈಗ ಕಾಗವಾಡ ತಾಲ್ಲೂಕಿಗೆ ಸೇರಿದ ಈ ಊರಿನ ದೇವರು ಕನ್ನಡಿಗರಿಗೆ ಮಲ್ಲಯ್ಯ, ಮರಾಠಿಗರಿಗೆ ಖಂಡೋಬಾ. ಖಂಡೋಬನ ಮುಖ್ಯ ಕ್ಷೇತ್ರಗಳನ್ನು ಎಣಿಸುವಾಗ ಜೇಜುರಿಯ ಜೊತೆ ಮಂಗಸೂಳಿಯ ಹೆಸರೂ ಬರುತ್ತದೆ. ಗಡಿಯಾಚೆಯ ಎಷ್ಟೋ ಮನೆತನಗಳಿಗೆ ಇವನು ಕುಲದೇವರು. ಭಂಡಾರ ಹಾರಿದಾಗ ಯಾರ ಅಂಗಿ ಯಾವ ರಾಜ್ಯದ್ದು ಎಂದು ಗೊತ್ತಾಗುವುದಿಲ್ಲ. ಇದೇ ದೇವರನ್ನು ಮುಸ್ಲಿಂ ಭಕ್ತರು ಮಲ್ಲೂಖಾನ್ ಎಂದು ಕರೆದುಕೊಂಡು ಬಂದದ್ದನ್ನು ಖಂಡೋಬನ ಸಂಪ್ರದಾಯವನ್ನು ಅಭ್ಯಾಸ ಮಾಡಿದವರು ದಾಖಲಿಸಿದ್ದಾರೆ. ಇಂಥ ಜಾಗದ ಹಳೆಯ ಕಲ್ಲಿನ ಬಗ್ಗೆ ನಿರ್ಧಾರ ಮಾಡಲು ಯಾರನ್ನು ಕೂಡಿಸಬೇಕು? ಕುರುಬರ ಹಿರಿಯರನ್ನೇ, ಮಿರಜಿನಿಂದ ಬರುವ ಮರಾಠಾ ಮನೆಯವರನ್ನೇ, ಪೂಜಾರಿಗಳನ್ನೇ, ಜಾತ್ರೆಯಲ್ಲಿ ಅಂಗಡಿ ಇಡುವವರನ್ನೇ? ಭಕ್ತರು ಗಡಿಯ ಎರಡೂ ಕಡೆ ಇದ್ದಾರೆ, ಕಾಯಿದೆ ಗಡಿಗೆ ಬಂದು ನಿಂತುಬಿಡುತ್ತದೆ.

ಇಲ್ಲಿ ಒಂದು ಒಳ್ಳೆಯ ಸಾಲನ್ನು ಹೇಳಲೇಬೇಕು. ಕರ್ನಾಟಕದ 1997ರ ಧಾರ್ಮಿಕ ದತ್ತಿ ಕಾಯಿದೆಯ 25ನೇ ಕಲಮು ಒಂಬತ್ತು ಜನರ ವ್ಯವಸ್ಥಾಪನಾ ಸಮಿತಿಯ ಮಾತಾಡುತ್ತದೆ. ಅರ್ಚಕರಿರಬೇಕು, ಪರಿಶಿಷ್ಟರಿರಬೇಕು, ಇಬ್ಬರು ಹೆಂಗಸರಿರಬೇಕು, ಆ ನೆಲದ ಸುತ್ತಮುತ್ತ ಇರುವವರೊಬ್ಬರಿರಬೇಕು. ಹಿಂದೂಗಳೂ ಅನ್ಯಧರ್ಮೀಯರೂ ಕೂಡಿ ನಡೆದುಕೊಳ್ಳುವ ಸಂಸ್ಥೆಯಾದರೆ ಎರಡೂ ಕಡೆಯವರನ್ನು ನೇಮಿಸಬಹುದು ಎಂದೂ ಅದರಲ್ಲಿದೆ. ಈ ಒಂದು ಮಾತಿನ ಸುತ್ತ 2024ರಲ್ಲಿ ಎಷ್ಟು ಗದ್ದಲವಾಯಿತು ಎಂಬುದನ್ನು ಓದುಗರು ಬಲ್ಲರು. ನಮಗಂತೂ, ಈ ಸೀಮೆಯ ಬದುಕನ್ನು ಕಣ್ಣಿಟ್ಟು ನೋಡಿ ಬರೆದ ಸಾಲು ಅದು. ಆದರೆ ಆ ಸಮಿತಿಯ ಕೆಲಸ ಹುಂಡಿ, ಪೂಜೆ, ಜಮೀನು. ಹಳೆಯ ಕೆತ್ತನೆಯ ಮೇಲೆ ಎಣ್ಣೆಬಣ್ಣ ಬಳಿಯಬಹುದೇ ಎಂದು ತಜ್ಞರನ್ನು ಕೇಳಬೇಕಾದ ಜಾಗ ಅಲ್ಲಿಲ್ಲ. ಊರವರಿದ್ದ ಕಡೆ ಪರಂಪರೆಯ ಪ್ರಶ್ನೆ ಏಳುವುದಿಲ್ಲ. ಪರಂಪರೆಯ ಪ್ರಶ್ನೆ ಎದ್ದ ಕಡೆ ಊರವರಿರುವುದಿಲ್ಲ.

ಎರಡನೆಯದಕ್ಕೆ ಹಂಪಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. 1986ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿ, 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು. ಕಾರಣಗಳಲ್ಲಿ ಮುಖ್ಯವಾದದ್ದು ಆನೆಗೊಂದಿಗೆ ಹೋಗಲು ತುಂಗಭದ್ರೆಗೆ ಕಟ್ಟುತ್ತಿದ್ದ ಸೇತುವೆ. ಮುಂದೆ ರಾಜ್ಯ ಸರ್ಕಾರ 2002ರಲ್ಲಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಕಾಯಿದೆ ತಂದಿತು. ನದಿಯ ಎರಡೂ ದಡದ 29 ಹಳ್ಳಿಗಳು, 230ಕ್ಕೂ ಹೆಚ್ಚು ಚದರ ಕಿಲೋಮೀಟರು ನೆಲ ಅದರ ಹಿಡಿತಕ್ಕೆ ಬಂದವು. ಒಂದೊಂದು ಸ್ಮಾರಕಕ್ಕೆ ಬೇಲಿ ಹಾಕುವ ಹಳೆಯ ಪದ್ಧತಿ ಬಿಟ್ಟು ಬೆಟ್ಟ, ಹೊಳೆ, ಗದ್ದೆ, ಕಾಲುವೆಗಳನ್ನು ಕೂಡಿಸಿ ಒಂದೇ ಪರಂಪರೆ ಎಂದು ನೋಡಿದ್ದು ಈ ಕಾಯಿದೆಯ ದೊಡ್ಡತನ. ವಿಜಯನಗರದ ಕಾಲುವೆಯಲ್ಲಿ ಇವತ್ತೂ ನೀರು ಹರಿಯುತ್ತದೆ, ಅದರ ಗದ್ದೆಯಲ್ಲಿ ಇವತ್ತೂ ಬಾಳೆ ಬೆಳೆಯುತ್ತದೆ ಎಂಬ ತಿಳಿವು ಅದರ ಹಿಂದಿದೆ.

ಪಾತ್ರಗಳನ್ನು ಎಣಿಸಲು ಹೊರಟರೆ ಕತೆ ಬೇರೆಯಾಗುತ್ತದೆ. ಪ್ರಾಧಿಕಾರದ ಅಧ್ಯಕ್ಷ ಪೀಠದಲ್ಲಿ ಜಿಲ್ಲಾಧಿಕಾರಿ ಕೂರುತ್ತಾರೆ. ದಿನದಿನದ ಆಡಳಿತಕ್ಕೆ ಸರ್ಕಾರ ಕಳಿಸಿದ ಆಯುಕ್ತರು. ಜಿಲ್ಲಾಧಿಕಾರಿಗಳಿಗೆ ನೂರಾರು ಕೆಲಸ, ಎರಡು ವರ್ಷಕ್ಕೊಮ್ಮೆ ವರ್ಗ. ಕಾಲುವೆಯ ತೂಬು ಯಾವ ತಿಂಗಳು ತೆಗೆಯುತ್ತಾರೆ ಎಂದು ಬಲ್ಲ ರೈತನಿಗಿರುವ ಹಕ್ಕು ಮನೆ ಕಟ್ಟಲು ಅರ್ಜಿ ಕೊಡುವ ಹಕ್ಕು ಮಾತ್ರ. 2006ರಲ್ಲಿ ಹಂಪಿ ಅಪಾಯದ ಪಟ್ಟಿಯಿಂದ ಹೊರಬಂತು. 2009ರ ಜನವರಿಯಲ್ಲಿ ಅದೇ ಸೇತುವೆ ಕೆಲಸ ನಡೆಯುವಾಗಲೇ ಕುಸಿದು ಕೂಲಿಕಾರರು ಸತ್ತರು. ಸೇತುವೆ ಬೇಡ ಎಂದವರಿಗೆ ನೋಟದ ಚಿಂತೆ, ಬೇಕು ಎಂದವರಿಗೆ ಓಟಿನ ಚಿಂತೆ ಎಂದು ಆಗ ಮಾತಾಡಿಕೊಂಡವರು ಬಹಳ. ಹೆರಿಗೆ ನೋವಿನ ಹೆಂಗಸನ್ನು ಹರಿಗೋಲಿನಲ್ಲಿ ದಾಟಿಸಬೇಕಾದವರು ಯಾವ ಸಭೆಯಲ್ಲಿ ಕೂತು ತಮ್ಮ ಮಾತು ಹೇಳಬೇಕಿತ್ತು?

2011ರ ಜುಲೈಯಲ್ಲಿ ವಿರೂಪಾಕ್ಷ ಗುಡಿಯ ಮುಂದಿನ ಹಂಪಿ ಬಜಾರಿನ ಮನೆ, ಅಂಗಡಿಗಳನ್ನು ಬುಲ್ಡೋಜರ್ ತಂದು ಕೆಡವಿದರು. ಹಳೆಯ ಸಾಲುಮಂಟಪಗಳಿಗೆ ಗೋಡೆ ಎಬ್ಬಿಸಿಕೊಂಡು ಸಂಸಾರ ಮಾಡಿದ್ದರು, ನಿಜ. ಕೆಲವರು ಕಲ್ಲುಕಂಬಕ್ಕೆ ಮೊಳೆ ಹೊಡೆದಿದ್ದರು, ಅದೂ ನಿಜ. ಆದರೆ ಬಜಾರು ಎಂಬ ಹೆಸರಿನ ಜಾಗದಿಂದ ಮಾರುವವರನ್ನೂ ಕೊಳ್ಳುವವರನ್ನೂ ತೆಗೆದ ಮೇಲೆ ಉಳಿಯುವುದು ಏನು? ಪೋರ್ಚುಗೀಸ್ ಪ್ರವಾಸಿಗರು ಬೆರಗಾಗಿ ಬರೆದದ್ದು ಖಾಲಿ ಕಂಬಗಳನ್ನು ನೋಡಿ ಅಲ್ಲವಲ್ಲ. ಆ ಸಂಸಾರಗಳಿಗೆ ಕಡ್ಡಿರಾಂಪುರದಲ್ಲಿ ಜಾಗ ತೋರಿಸಿದರು. ಬಹಿರಂಗ ವಿಚಾರಣೆ ನಡೆಸಿ, ಯಾವ ಗೋಡೆ ಹೋಗಬೇಕು ಯಾವುದು ಇರಬಹುದು ಎಂದು ಒಂದೊಂದಾಗಿ ತೀರ್ಮಾನಿಸಿ ಬರೆದಿಡುವ ಸಮಿತಿ ಇದ್ದಿದ್ದರೆ ಕಂಬವೂ ಉಳಿಯುತ್ತಿತ್ತು, ಬಳೆ ಅಂಗಡಿಯೂ ಉಳಿಯುತ್ತಿತ್ತು ಎಂದು ನಮ್ಮ ನಂಬಿಕೆ.

ಮೈಸೂರಿನದು ಬೇರೆ ರೋಗ. ಅಲ್ಲಿ ಸಮಿತಿಗಳಿಗೆ ಬರವಿಲ್ಲ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲು ಕುಸಿಯಿತು. ಕೆಡವಿ ಹೊಸದಾಗಿ ಕಟ್ಟಿ ಎಂದು ಒಂದು ತಂಡ, ದುರಸ್ತಿ ಮಾಡಿ ಉಳಿಸಿ ಎಂದು ಇನ್ನೊಂದು ತಂಡ, ನಡುವೆ ಕೋರ್ಟು. ವರ್ಷಗಳು ಕಳೆದವು. ಸಲಹೆ ಕೊಡುವ ಸಮಿತಿಗೆ ತಡೆಯುವ ಅಧಿಕಾರ ಇಲ್ಲ, ದುರಸ್ತಿಗೆ ಹಣವೂ ಇಲ್ಲ. ತಮ್ಮ ಮಾತು ಕೇಳುವವರಿಲ್ಲ ಎಂದು ಗೊತ್ತಿರುವ ತಜ್ಞರು ವರದಿ ಬರೆಯುವುದರಲ್ಲೇ ತೃಪ್ತಿ ಪಡುತ್ತಾರೆ.

ಹೊರಗಿನವರು ಇದನ್ನು ಹೇಗೆ ಮಾಡಿದ್ದಾರೆ ಎಂದು ನೋಡುವುದು ತಪ್ಪಲ್ಲ. ಅಮೆರಿಕದ ನ್ಯೂಯಾರ್ಕಿನಲ್ಲಿ 1963ರಲ್ಲಿ ಪೆನ್ಸಿಲ್ವೇನಿಯಾ ರೈಲು ನಿಲ್ದಾಣದ ಭವ್ಯ ಕಟ್ಟಡವನ್ನು ಕೆಡವತೊಡಗಿದರು. ಜನ ರೊಚ್ಚಿಗೆದ್ದರು. 1965ರಲ್ಲಿ ನಗರಕ್ಕೆ ಹೆಗ್ಗುರುತುಗಳ ಆಯೋಗವೊಂದು ಬಂತು. ಹನ್ನೊಂದು ಜನ ಸದಸ್ಯರು. ಕನಿಷ್ಠ ಮೂವರು ವಾಸ್ತುಶಿಲ್ಪಿಗಳು, ಒಬ್ಬರು ಇತಿಹಾಸಕಾರರು, ಒಬ್ಬರು ನಗರ ಯೋಜನೆಯವರು ಇಲ್ಲವೇ ಭೂದೃಶ್ಯ ವಿನ್ಯಾಸದವರು, ಒಬ್ಬರು ಮನೆ ನಿವೇಶನಗಳ ವ್ಯವಹಾರದವರು ಇರಬೇಕು. ನಗರದ ಐದು ಭಾಗಗಳಲ್ಲಿ ಪ್ರತಿಯೊಂದರಿಂದ ಒಬ್ಬರಾದರೂ ನಿವಾಸಿ ಇರಲೇಬೇಕು. (ನಿವೇಶನ ವ್ಯಾಪಾರಿಯನ್ನು ಹೆಸರು ಹಿಡಿದು ಕೂಡಿಸಿದ್ದು ನೋಡಿ ನಮಗೆ ನಗು ಬಂತು. ನಮ್ಮಲ್ಲಿ ಅವರು ಹೆಸರಿಲ್ಲದೆಯೇ ಬಂದು ಕೂರುತ್ತಾರೆ!) ಪಟ್ಟಿಗೆ ಸೇರಿದ ಕಟ್ಟಡದ ಹೊರಮೈ ಬದಲಿಸಬೇಕಾದರೆ ಈ ಆಯೋಗದ ಒಪ್ಪಿಗೆ ಬೇಕು. ಮುಖ್ಯ ನಿರ್ಧಾರಗಳು ಬಹಿರಂಗ ವಿಚಾರಣೆಯಲ್ಲೇ ಆಗುತ್ತವೆ. 1980ರಿಂದ ಅಮೆರಿಕದ ಸಣ್ಣ ಊರುಗಳೂ ಹೀಗೆ ಕಾನೂನು, ಆಯೋಗ, ಹಳೆಯ ಕಟ್ಟಡಗಳ ಎಣಿಕೆ, ಜನರ ಭಾಗವಹಿಸುವಿಕೆ ಇವಿಷ್ಟನ್ನು ಇಟ್ಟುಕೊಂಡರೆ ಮಾನ್ಯತೆ ಮತ್ತು ಅನುದಾನ ಪಡೆಯಬಹುದಾಯಿತು.

ಅಲ್ಲಿಯದೆಲ್ಲ ಚಿನ್ನ ಎಂದು ನಾವು ಹೇಳುತ್ತಿಲ್ಲ. ರಕ್ಷಿತ ಬೀದಿಗಳಲ್ಲಿ ಬಾಡಿಗೆ ಏರಿ ಬಡವರು ಜಾಗ ಬಿಡಬೇಕಾದದ್ದೂ ಅಲ್ಲಿಯ ಕತೆಯೇ. ಇನ್ನು ಒಂದು ನಿಯಮ ಎಷ್ಟು ಬೇಗ ಅಳಿಯಬಲ್ಲದು ಎಂಬುದಕ್ಕೆ ನಮ್ಮ ನೆರೆಯ ಹೈದರಾಬಾದ್ ಸಾಕ್ಷಿ. 1995ರಲ್ಲಿ ಅಲ್ಲಿಯ ನಗರಾಭಿವೃದ್ಧಿ ನಿಯಮಗಳಿಗೆ ಸೇರಿದ 13ನೇ ನಿಯಮ ನೂರಾರು ಹವೇಲಿ, ದೇವಡಿಗಳಿಗೆ ರಕ್ಷಣೆ ಕೊಟ್ಟಿತ್ತು. 2015ರಲ್ಲಿ ಅದನ್ನು ತೆಗೆದುಹಾಕಿದರು. ಹೊಸ ವಿಧಾನಸಭೆಗಾಗಿ ಇರಂ ಮಂಜಿಲ್ ಅರಮನೆಯನ್ನು ಕೆಡವುವ ನಿರ್ಧಾರವನ್ನು 2019ರಲ್ಲಿ ಹೈಕೋರ್ಟು ತಡೆಯಬೇಕಾಯಿತು.

ಈಗ ನಮ್ಮವರ ಕಡೆಗೂ ಒಂದು ಮಾತು. ದರ್ಗಾ, ಮಸೀದಿಗಳ ಕಮಿಟಿಗಳು ಈ ವಿಷಯದಲ್ಲಿ ಗುಡಿ ಸಮಿತಿಗಳಿಗಿಂತ ಹಿಂದೆ ಬಿದ್ದಿಲ್ಲ. ಆದಿಲ್‌ಶಾಹಿ ಕಾಲದ ಮೂರು ಕಮಾನಿನ ಚಿಕ್ಕ ಮಸೀದಿಗಳನ್ನು ಜಾಗ ಸಾಲದು ಎಂದು ಕೆಡವಿ, ಸಿಮೆಂಟಿನ ಮಿನಾರು ಎಬ್ಬಿಸಿ, ಹಳೆಯ ಫಾರಸಿ ಶಾಸನದ ಕಲ್ಲನ್ನು ವಜೂಖಾನೆಯ ಮೆಟ್ಟಿಲಿಗೆ ಹಾಕುವುದನ್ನು ನಾವು ಈ ಸೀಮೆಯಲ್ಲಿ ಕಂಡಿದ್ದೇವೆ. ಜಮಾತಿಗೆ ಜಾಗ ಬೇಕು ಎಂಬುದು ಸುಳ್ಳಲ್ಲ. ಹಳೆಯದನ್ನು ಉಳಿಸಿಕೊಂಡು ಪಕ್ಕದಲ್ಲಿ ಕಟ್ಟಬಹುದೇ ಎಂದು ಕೇಳುವವರು ಕಮಿಟಿಯಲ್ಲಿ ಇರಲಿಲ್ಲ, ಅಷ್ಟೇ. 2005ರಲ್ಲಿ ಆಗಿನ ಬಿಜಾಪುರದ 43 ಸ್ಮಾರಕಗಳನ್ನು ವಕ್ಫ್ ಎಂದು ನಮೂದಿಸಿದ್ದು 2024ರಲ್ಲಿ ದೇಶದ ಸುದ್ದಿಯಾಯಿತು. ರಕ್ಷಿತ ಸ್ಮಾರಕವನ್ನು ವಕ್ಫ್ ಎಂದು ಘೋಷಿಸಿದ್ದರೆ ಅದು ಅಸಿಂಧು ಎಂದು 2025ರ ತಿದ್ದುಪಡಿ ಹೇಳಿತು. ಎರಡೂ ಕಡೆ ಮಾತೆಲ್ಲ ಒಡೆಯ ಯಾರು ಎಂಬುದರ ಬಗ್ಗೆ. 2010ರ ತಿದ್ದುಪಡಿಯಿಂದ ಸ್ಮಾರಕದ ಸುತ್ತ 100 ಮೀಟರಿನಲ್ಲಿ ಹೊಸ ಕಟ್ಟಡ ಪೂರ್ತಿ ನಿಷಿದ್ಧ, ಅದರಾಚೆ 200 ಮೀಟರು ಅನುಮತಿ ಬೇಕಾದ ಜಾಗ. ಆ ನೂರು ಮೀಟರಿನೊಳಗೆ ಬದುಕುವ ಬಡ ಮನೆಗಳು ಹಿಂದೂಗಳವೂ ಹೌದು, ಮುಸ್ಲಿಮರವೂ ಹೌದು. ಸೋರುವ ಮಾಡು ದುರಸ್ತಿಗೂ ಪರವಾನಗಿ ಕಾಯುವ ಅವರ ಮಾತು ಆ ಗದ್ದಲದಲ್ಲಿ ಕೇಳಿಸಲಿಲ್ಲ.

ಹಾಗಾದರೆ ಹಳ್ಳಿಯ ಮಟ್ಟದಲ್ಲಿ ಇಂಥ ಸಮಿತಿ ಸಾಧ್ಯವೇ? ಮಾದರಿ ನಮ್ಮ ಪಂಚಾಯ್ತಿಯ ಕಪಾಟಿನಲ್ಲೇ ಇದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯೂ ಒಂದು ಸಮಿತಿ ಮಾಡಬೇಕು. ಒಬ್ಬ ಅಧ್ಯಕ್ಷರು, ಆರು ಜನಕ್ಕೆ ಮೀರದ ಸದಸ್ಯರು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು, ಪರಿಶಿಷ್ಟರಿಗೆ ಪಾಲು ಎಂದು 2004ರ ನಿಯಮಗಳು ಹೇಳಿದವು. ಊರಿನ ಗಿಡ, ಬೇರು, ದನದ ತಳಿಗಳನ್ನು ಊರವರನ್ನೇ ಕೇಳಿ ದಾಖಲೆ ಮಾಡುವುದು ಅದರ ಮೊದಲ ಕೆಲಸ. ಎಷ್ಟೋ ಕಡೆ ಅದು ಕಾಗದದ ಮೇಲೆಯೇ ಉಳಿದಿದೆ ಎಂಬುದು ಬೇರೆ ಮಾತು. ಆದರೂ ಒಂದು ಬಳ್ಳಿಗೆ ಇರುವ ದಾಖಲೆ ಪುಸ್ತಕ ಒಂದು ವೀರಗಲ್ಲಿಗೆ ಏಕಿಲ್ಲ? ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯ್ತಿಗೆಂದು ಎಣಿಸಿದ 29 ವಿಷಯಗಳಲ್ಲಿ ಸಾಂಸ್ಕೃತಿಕ ಚಟುವಟಿಕೆ ಇದೆ, ಸಮುದಾಯದ ಆಸ್ತಿಗಳ ಪಾಲನೆ ಇದೆ. ರಾಜ್ಯ ಮನಸ್ಸು ಮಾಡಿದರೆ ಇವೆರಡರ ಆಧಾರದಲ್ಲಿ ನಿಯಮ ಮಾಡಬಹುದು.

ಮಂಗಸೂಳಿಯಂಥ ಊರಿಗೆ ಅಂಥ ಸಮಿತಿ ಬಂದರೆ ಅದರಲ್ಲಿ ಪೂಜಾರಿ ಮನೆತನದವರು, ಕುರಿಗಾರರು, ಜಾತ್ರೆಯ ವ್ಯಾಪಾರಿಗಳು, ಊರಿನ ಮುಸ್ಲಿಮರು, ಹೆಂಗಸರು, ಕಲ್ಲುಕೆಲಸ ಬಲ್ಲ ಒಬ್ಬ ಒಡ್ಡರ ಹಿರಿಯ, ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟ್ರು ಇರಬೇಕು. ಪುರಾತತ್ವ ಇಲಾಖೆಯವರು ಸಲಹೆಗೆ ಬರಲಿ, ಪೀಠಕ್ಕೆ ಬೇಡ. ಗುತ್ತಿಗೆದಾರ ಸದಸ್ಯನಾಗಿದ್ದರೆ ತನ್ನ ಕೆಲಸದ ವಿಷಯ ಬಂದ ದಿನ ಎದ್ದು ಹೊರಗೆ ಹೋಗಬೇಕು, ಹೋದದ್ದನ್ನು ನಡಾವಳಿಯಲ್ಲಿ ಬರೆಯಬೇಕು. ಎಲ್ಲರ ಅವಧಿ ಒಂದೇ ಸಲ ಮುಗಿಯಬಾರದು. ಇಲ್ಲದಿದ್ದರೆ ಪ್ರತಿ ಚುನಾವಣೆಗೂ ಊರಿನ ಇತಿಹಾಸ ಬದಲಾಗುತ್ತದೆ. ಕೆಡವುವುದನ್ನು ಶಾಶ್ವತವಾಗಿ ನಿಲ್ಲಿಸುವ ಅಧಿಕಾರವನ್ನು ಹಳ್ಳಿಯ ಸಮಿತಿಗೆ ಯಾರೂ ಕೊಡಲಾರರು. ಮೂವತ್ತು ದಿನ ತಡೆದು ಗ್ರಾಮಸಭೆ ಕರೆಯುವ ಅಧಿಕಾರ ಕೊಟ್ಟರೆ ಸಾಕು. ನೋಟೀಸು ಕನ್ನಡದಲ್ಲೂ ಮರಾಠಿಯಲ್ಲೂ ಗುಡಿಯ ಬಾಗಿಲಿಗೆ ಅಂಟಬೇಕು. ಮಿರಜಿನಿಂದ ಬರುವ ಭಕ್ತನಿಗೆ ಓಟು ಇರದಿದ್ದರೂ, ಆ ಮೂವತ್ತು ದಿನದೊಳಗೆ ಬಂದು ಸಭೆಯಲ್ಲಿ ಎದ್ದು ನಿಂತು ಮಾತಾಡಲು ಅಷ್ಟು ಸಮಯ ಸಾಲುತ್ತದೆ.