ಎಂಬತ್ತು ಗ್ರಾಮಿನ ಗುರು

ಡ್ರೋನ್ ಕಲಿಯಲು ಹೊರಟವರು ಯಾವುದನ್ನು ಕೊಳ್ಳಲಿ ಎಂದು ಕೇಳಿದರೆ ನನ್ನ ಉತ್ತರ ಒಂದೇ: ಮೊದಲು ಟೆಲ್ಲೋ, ಅದು ಕೈಗೆ ಹತ್ತಿದ ಮೇಲೆ ಮಿನಿ. ಈ ಉತ್ತರ ಯಾರಿಗೂ ರುಚಿಸುವುದಿಲ್ಲ. ಟೆಲ್ಲೋ ಅಂಗೈ ಮೇಲೆ ಕೂರುವ 80 ಗ್ರಾಮಿನ ಪುಟಾಣಿ. ಜಿಪಿಎಸ್ ಇಲ್ಲ, ಕ್ಯಾಮೆರಾವನ್ನು ಅಲುಗದಂತೆ ಹಿಡಿಯುವ ಜಿಂಬಲ್ ಇಲ್ಲ, ನೂರು ಮೀಟರ್‌ ಆಚೆಗೆ ಹೋಗುವ ಮಾತೇ ಇಲ್ಲ. ಡಿಜೆಐ ಮಿನಿ 2 ಆದರೋ 249 ಗ್ರಾಂ ತೂಕದಲ್ಲೇ 4ಕೆ ವಿಡಿಯೊ ತೆಗೆಯುತ್ತದೆ, ಅರ್ಧ ಗಂಟೆಯಷ್ಟು ಆಕಾಶದಲ್ಲಿರುತ್ತದೆ, ಬಿಟ್ಟ ಜಾಗಕ್ಕೆ ತಾನಾಗಿಯೇ ಮರಳುತ್ತದೆ. ಅಂಕಿಅಂಶ ನೋಡಿದರೆ ಹೋಲಿಕೆಯೇ ಸಲ್ಲದು. ಬೆಂಗಳೂರಿನ ಕತ್ರಿಗುಪ್ಪೆಯ ನಮ್ಮ ಮನೆಯಲ್ಲಿ ಎರಡೂ ಇವೆ. ನಾನಿನ್ನೂ ಕಲಿಯುತ್ತಿರುವವನು, ಆದರೂ ಈ ಕ್ರಮದ ಬಗ್ಗೆ ನನಗೆ ಅನುಮಾನ ಉಳಿದಿಲ್ಲ.

ಟೆಲ್ಲೋ ಬಂದದ್ದು 2018ರಲ್ಲಿ. ರೈಜ್ ಎಂಬ ಚೀನೀ ಕಂಪನಿ ತಯಾರಿಸಿದ ಇದರೊಳಗೆ ಡಿಜೆಐನ ಹಾರಾಟ ತಂತ್ರಜ್ಞಾನವಿದೆ, ಇಂಟೆಲ್‌ನ ಚಿಪ್ ಇದೆ. ಮಿನಿ 2 ಬಂದದ್ದು 2020ರ ನವೆಂಬರಿನಲ್ಲಿ. ಅದರ ತೂಕ 249ಕ್ಕೇ ನಿಂತಿರುವುದು ಆಕಸ್ಮಿಕವಲ್ಲ. ಹಲವು ದೇಶಗಳ ಕಾನೂನು 250 ಗ್ರಾಮಿನಲ್ಲಿ ಗೆರೆ ಎಳೆಯುತ್ತದೆ. ನಮ್ಮ ದೇಶದ ನಿಯಮದಲ್ಲೂ 250ರವರೆಗಿನದು ‘ನ್ಯಾನೊ’ ವರ್ಗ.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಗಾಳಿಯಲ್ಲಿ ನಿಂತಲ್ಲೇ ನಿಲ್ಲುವುದು ಡ್ರೋನಿನ ಮೊದಲ ವಿದ್ಯೆ. ಮಿನಿ ಇದನ್ನು ಉಪಗ್ರಹಗಳ ನೆರವಿನಿಂದ ಮಾಡುತ್ತದೆ. ಟೆಲ್ಲೋ ಹೊಟ್ಟೆಯಡಿಯ ಸಣ್ಣ ಕ್ಯಾಮೆರಾದಿಂದ ನೆಲವನ್ನು ನೋಡುತ್ತಲೇ ಇರುತ್ತದೆ. ನೆಲದ ಚಿತ್ತಾರ ಸರಿದರೆ ತಾನು ಸರಿದೆ ಎಂದು ಅರಿತು ಹಿಂದಕ್ಕೆ ಬರುತ್ತದೆ. ಹಾಗಾಗಿ ಅದರ ನಡತೆ ನಿಮ್ಮ ಮನೆಯ ನೆಲವನ್ನು ಅವಲಂಬಿಸಿದೆ. ಹಳೆಯ ಮನೆಗಳ ಮೊಸಾಯಿಕ್ ನೆಲದ ಮೇಲೆ ಅದು ಮೊಳೆ ಹೊಡೆದಂತೆ ನಿಲ್ಲುತ್ತದೆ. ನುಣ್ಣಗೆ ಹೊಳೆಯುವ ಬಿಳಿ ಟೈಲ್ಸ್ ಮೇಲೆ, ಕೆಂಪು ಕಾವಿಯ ಒಂದೇ ಬಣ್ಣದ ನೆಲದ ಮೇಲೆ ಅದಕ್ಕೆ ಹಿಡಿತವೇ ಸಿಗದೆ ಮೆಲ್ಲಗೆ ಗೋಡೆಯ ಕಡೆ ಜಾರತೊಡಗುತ್ತದೆ. ಪಟ್ಟೆಪಟ್ಟೆಯ ಜಮಖಾನ ಹಾಸಿದರೆ ಮತ್ತೆ ಸ್ಥಿರ. ಸಂಜೆ ಬೆಳಕು ಇಳಿದಾಗಲೂ ಇದೇ ಕಥೆ, ಕಾಣದಿದ್ದರೆ ನಿಲ್ಲಲಾರದು.

ಇದು ಕೊರತೆಯಂತೆ ಕಾಣುತ್ತದೆ. ಕಲಿಯುವವನಿಗೆ ಇದೇ ಪಾಠ. ಡ್ರೋನ್ ಯಾವುದನ್ನು ಆಧರಿಸಿ ನಿಂತಿದೆ, ಆ ಆಧಾರ ಯಾವಾಗ ತಪ್ಪುತ್ತದೆ ಎಂಬುದು ಕಣ್ಣೆದುರೇ ಗೊತ್ತಾಗುತ್ತದೆ. ತಪ್ಪಿದಾಗ ಬೆರಳು ತಾನಾಗಿ ಎದುರು ದಿಕ್ಕಿಗೆ ಹೋಗುವುದನ್ನು ಅಭ್ಯಾಸ ಮಾಡಿಸುತ್ತದೆ. ಜಿಪಿಎಸ್ ಎಂಬುದು ಸೈಕಲ್ ಕಲಿಯುವಾಗ ಹಿಂದಿನಿಂದ ಸೀಟು ಹಿಡಿದು ಓಡಿಬರುವ ಅಣ್ಣನ ಹಾಗೆ. ಅವನಿದ್ದಾನೆಂಬ ಧೈರ್ಯದಲ್ಲಿ ಬ್ಯಾಲೆನ್ಸು ಬಂದಿದೆಯೋ ಇಲ್ಲವೋ ತಿಳಿಯುವುದೇ ಇಲ್ಲ. ಮಿನಿಯಲ್ಲೇ ಶುರು ಮಾಡಿದವರಿಗೆ ಎತ್ತರದ ಕಟ್ಟಡಗಳ ನಡುವೆ ಉಪಗ್ರಹದ ಸಿಗ್ನಲ್ ಕುಂದಿದಾಗ ಏನು ಮಾಡಬೇಕೆಂದು ಕೈಗೆ ಗೊತ್ತಿರುವುದಿಲ್ಲ.

ಎರಡನೆಯ ಪಾಠ ಮೂತಿಯದು. ಡ್ರೋನ್ ನಮಗೆ ಬೆನ್ನು ಹಾಕಿರುವಾಗ ಎಡ ಎಡವೇ. ನಮ್ಮತ್ತ ಮುಖ ತಿರುಗಿಸಿದ ಕ್ಷಣ ಎಡ ಬಲವಾಗುತ್ತದೆ. ಇದನ್ನು ಬುದ್ಧಿಯಿಂದ ಲೆಕ್ಕ ಹಾಕುತ್ತ ಹಾರಿಸಲಾಗದು, ಮೈಗೂಡಬೇಕು. ಹಾಲ್‌ನಲ್ಲಿ ಎರಡು ಕುರ್ಚಿ ಇಟ್ಟು ಅವುಗಳ ಸುತ್ತ ಎಂಟರ ಆಕಾರದಲ್ಲಿ ಟೆಲ್ಲೋವನ್ನು ಸುತ್ತಿಸುವುದು ಇದಕ್ಕೆ ನಾನು ಕಂಡ ಅತ್ಯುತ್ತಮ ಸಾಧನೆ. ರೆಕ್ಕೆಗಳಿಗೆ ಕಾವಲು ಕಟ್ಟಿರುತ್ತದೆ, ಕುರ್ಚಿಗೆ ತಾಗಿದರೂ ನಷ್ಟವಿಲ್ಲ. ಹೊರಗೆ ಮಳೆ ಸುರಿಯುವ ದಿನವೂ ಅಭ್ಯಾಸ ನಿಲ್ಲುವುದಿಲ್ಲ. ಮನೆಯ ಮಕ್ಕಳು ಕೋಡಿಂಗ್ ಕಲಿಸುವ ಸ್ಕ್ರ್ಯಾಚ್‌ನಲ್ಲಿ ನಾಲ್ಕು ಸಾಲು ಜೋಡಿಸಿ ಅದನ್ನು ಹಾರಿಸಿದರೆ ಅದು ಮೇಲಿನ ಲಾಭ.

ಆದರೆ ತಾರಸಿಗೆ ಒಯ್ದರೆ ಟೆಲ್ಲೋದ ಆಟ ಮುಗಿಯಿತು. ಕತ್ರಿಗುಪ್ಪೆಯ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಮನೆಗೊಂದರಂತೆ, ಕೆಲವೆಡೆ ಮಹಡಿಗೊಂದರಂತೆ ವೈಫೈ. ಎಲ್ಲವೂ ಗಿಜಿಗುಟ್ಟುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಟೆಲ್ಲೋ ಕೂಡ ಫೋನಿನೊಡನೆ ಮಾತಾಡಬೇಕು. ನೂರು ಮೀಟರ್ ಹೋಗಲಿ, ಪಕ್ಕದ ಮನೆಯ ಸಿಂಟೆಕ್ಸ್ ಟ್ಯಾಂಕ್ ದಾಟುವಷ್ಟರಲ್ಲಿ ಚಿತ್ರ ತುಂಡಾಗುತ್ತದೆ. ಅದರಲ್ಲಿ ಮೆಮೊರಿ ಕಾರ್ಡ್ ಇಲ್ಲ. ವಿಡಿಯೊ ಗಾಳಿಯಲ್ಲೇ ಫೋನಿಗೆ ಬಂದು ಸೇರಬೇಕು. ಹಾಗಾಗಿ ಹಾದಿಯಲ್ಲಿ ತಪ್ಪಿದ್ದು ಕೊನೆಗೂ ತಪ್ಪಿಯೇ ಹೋಗುತ್ತದೆ. ಮಿನಿ ಈ ಸಂದಣಿಯಲ್ಲಿ 5.8 ಗಿಗಾಹರ್ಟ್ಸ್‌ಗೆ ಜಿಗಿಯಬಲ್ಲದು, ಚಿತ್ರವನ್ನು ತನ್ನೊಳಗಿನ ಕಾರ್ಡಿನಲ್ಲೇ ಬರೆದಿಟ್ಟುಕೊಳ್ಳುತ್ತದೆ.

ಗಾಳಿಯ ವಿಷಯವನ್ನು ಬೆಂಗಳೂರಿನವರು ಪ್ರತ್ಯೇಕವಾಗಿ ತಿಳಿಯಬೇಕು. ಆಷಾಢದಲ್ಲಿ ಇಲ್ಲಿ ಪಡುವಣ ಗಾಳಿ ಬಿಡದೆ ಬೀಸುತ್ತದೆ. ಗಾಳಿಪಟಕ್ಕೆ ಅದೇ ಹಬ್ಬ. ಟೆಲ್ಲೋವನ್ನು ಆ ತಿಂಗಳು ಹೊರಗೆ ತರಲೇಬಾರದು. ಮಿನಿ 2 ಸೆಕೆಂಡಿಗೆ ಹತ್ತು ಮೀಟರ್ ಆಸುಪಾಸಿನ ಗಾಳಿಯನ್ನು ತಡೆಯುತ್ತದೆಂದು ಕಂಪನಿ ಹೇಳುತ್ತದೆ, ಅದು ನಿಜವೂ ಹೌದು. ಆದರೆ ನೆಲದಲ್ಲಿ ಎಲೆ ಅಲುಗುವಷ್ಟೇ ಇರುವ ಗಾಳಿ ತೆಂಗಿನ ಗರಿಯ ಮೇಲೆ ಹೋದೊಡನೆ ಬೇರೆಯೇ ಆಗಿರುತ್ತದೆ. ಗಾಳಿಯ ಜೊತೆ ದೂರ ಹೋಗಿ ಗಾಳಿಗೆದುರಾಗಿ ಮರಳುವಾಗ ಬ್ಯಾಟರಿ ನೀರಿನಂತೆ ಖರ್ಚಾಗುತ್ತದೆ. ಮೊದಲು ಗಾಳಿಗೆದುರು ಹೋಗಿ, ಬರುವಾಗ ಗಾಳಿಯ ಜೊತೆ ಬನ್ನಿ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ಕೊಂಚ ತೆಳು, ರೆಕ್ಕೆಗಳಿಗೆ ಕೊಂಚ ಹೆಚ್ಚು ದುಡಿತ. ಪೆಟ್ಟಿಗೆಯ ಮೇಲಿನ 31 ನಿಮಿಷ ಗಾಳಿಯೇ ಇಲ್ಲದ ಸ್ಥಿತಿಯಲ್ಲಿ ಅಳೆದದ್ದು. ಇಪ್ಪತ್ತು ನಿಮಿಷಕ್ಕೆ ಇಳಿಸುವುದೆಂದು ಮೊದಲೇ ನಿಶ್ಚಯಿಸಿಕೊಳ್ಳುವುದು ಲೇಸು.

ತಾರಸಿಯಿಂದ ಮಿನಿ ಏರಿಸುವವರಿಗೆ ಇನ್ನೆರಡು ಮಾತು. ಆರ್‌ಸಿಸಿಯೊಳಗಿನ ಕಬ್ಬಿಣದ ಸರಳು ಡ್ರೋನಿನ ದಿಕ್ಸೂಚಿಯನ್ನು ಕೆಡಿಸುತ್ತದೆ, ಪ್ಲಾಸ್ಟಿಕ್ ಸ್ಟೂಲಿನ ಮೇಲಿಟ್ಟು ಏರಿಸಿ. ಮಿನಿ 2ಕ್ಕೆ ಮುಂದೆ ನೋಡುವ ಸೆನ್ಸರ್ ಇಲ್ಲ. ಮರಳುವ ಗುಂಡಿ ಒತ್ತಿದರೆ ನೀವು ನಿಗದಿಪಡಿಸಿದ ಎತ್ತರದಲ್ಲಿ ನೇರ ಗೆರೆ ಹಿಡಿದು ಬರುತ್ತದೆ. ಆ ಗೆರೆಯಲ್ಲಿ ಮೊಬೈಲ್ ಟವರ್ ಇದ್ದರೆ ಅದಕ್ಕೆ ಕಾಣುವುದಿಲ್ಲ. ಇನ್ನು ಹದ್ದುಗಳು. ಬೆಂಗಳೂರಿನ ಆಕಾಶ ಅವುಗಳದು. ಗೂಡು ಕಟ್ಟುವ ಕಾಲದಲ್ಲಿ ಅವು ಡ್ರೋನನ್ನು ಸಹಿಸುವುದಿಲ್ಲ. ಒಂದು ಹದ್ದು ಸುತ್ತುವುದು ಕಂಡರೂ ಇಳಿಸಿಬಿಡಬೇಕು. ರೆಕ್ಕೆಯ ಅಲಗು ತಾಗಿದರೆ ಆ ಜೀವಕ್ಕೆ ಆಗುವ ಗಾಯ ನಮ್ಮ ಯಂತ್ರದ ನಷ್ಟಕ್ಕಿಂತ ದೊಡ್ಡದು.

ಚಿತ್ರದ ಮಾತಿಗೆ ಬಂದರೆ ಮಿನಿಗೆ ತಲೆಬಾಗಲೇಬೇಕು. ಟೆಲ್ಲೋದ್ದು 720ಪಿ ವಿಡಿಯೊ, ಅಲುಗಾಟವನ್ನು ಸಾಫ್ಟ್‌ವೇರ್ ಸವರುತ್ತದೆ. ಮಿನಿಯ ಕ್ಯಾಮೆರಾ ಮೂರು ಅಕ್ಷಗಳ ಜಿಂಬಲ್ ಮೇಲೆ ತೂಗುತ್ತದೆ. ಡ್ರೋನ್ ಓಲಾಡಿದರೂ ದಿಗಂತ ಓಲಾಡದು. ಕನಕಪುರ ರಸ್ತೆಯಾಚೆ ಪರಿಚಿತರೊಬ್ಬರ ಹಿಪ್ಪುನೇರಳೆ ತೋಟವಿದೆ. ಬೆಳಗಿನ ಓರೆ ಬಿಸಿಲಲ್ಲಿ ಕ್ಯಾಮೆರಾವನ್ನು ನೇರ ಕೆಳಗೆ ತಿರುಗಿಸಿ ಆ ಸಾಲುಗಳ ಮೇಲೆ ಹಾರಿಸಿದಾಗ ನನಗೆ ಸ್ಪಷ್ಟವಾದದ್ದು ಇದು: ಚೆಲುವು ಎತ್ತರದಲ್ಲಿಲ್ಲ. ನೂರು ಮೀಟರ್ ಮೇಲಿನಿಂದ ಎಲ್ಲ ಊರೂ ಭೂಪಟವೇ. ಹದಿನೈದು ಮೀಟರಿನಲ್ಲಿ ಸಾಲಿನ ನೆರಳು, ಬುಟ್ಟಿ ಹೊತ್ತವರ ನಡಿಗೆ, ಬದುವಿನ ತಿರುವು ಎಲ್ಲಕ್ಕೂ ಜೀವವಿರುತ್ತದೆ. ಅಷ್ಟು ತಗ್ಗಿನಲ್ಲಿ, ನಿಧಾನವಾಗಿ, ಎರಡು ಸ್ಟಿಕ್ಕುಗಳನ್ನು ಒಟ್ಟಿಗೆ ಒಂದೇ ಹದದಲ್ಲಿ ತಳ್ಳುತ್ತ ಬಾಗಿ ಸಾಗುವ ಶಾಟ್ ತೆಗೆಯಲು ಬೇಕಾದ ಬೆರಳು ನನಗೆ ಬಂದದ್ದು ಹಾಲ್‌ನ ಕುರ್ಚಿಗಳ ಸುತ್ತ.

ನಿಯಮ ತಿಳಿಯದೆ ಏರಿಸಬೇಡಿ. 2021ರ ಆಗಸ್ಟ್ 25ರಂದು ಬಂದ ಡ್ರೋನ್ ನಿಯಮಗಳ ಪ್ರಕಾರ ನ್ಯಾನೊ ವರ್ಗಕ್ಕೆ ಪೈಲಟ್ ಪ್ರಮಾಣಪತ್ರ ಬೇಡ. ಆದರೆ ಹಸಿರು, ಹಳದಿ, ಕೆಂಪು ವಲಯಗಳ ನಕ್ಷೆಯನ್ನು ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದಲ್ಲಿ ಪ್ರತಿ ಸಲ ನೋಡಲೇಬೇಕು. ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಎಂದು ಇಷ್ಟು ವಿಮಾನ ನೆಲೆಗಳಿರುವ ಊರಿನಲ್ಲಿ ಅಂದಾಜು ನಡೆಯದು. ಹಸಿರು ವಲಯದಲ್ಲೂ ನೆಲದಿಂದ 400 ಅಡಿಯೇ ಮಿತಿ. ಡ್ರೋನ್ ಎತ್ತರ ಎಣಿಸುವುದು ಏರಿದ ಜಾಗದಿಂದ. ಮೂರನೆಯ ಮಹಡಿಯ ತಾರಸಿಯಿಂದ ಬಿಟ್ಟರೆ ಆ ಮೂರು ಮಹಡಿಯನ್ನು ಕಳೆಯಬೇಕು. ಪಕ್ಕದ ಮನೆಯ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿರುವ ಅಮ್ಮನಿಗೆ ಮೊದಲೇ ಹೇಳಿ, ಅವರು ಒಳಗೆ ಹೋದ ಮೇಲೆ ಏರಿಸುವುದು ಯಾವ ನಿಯಮಪುಸ್ತಕದಲ್ಲೂ ಇರಬೇಕಾಗಿಲ್ಲ. ತುರಹಳ್ಳಿಯ ಬಂಡೆಗಳು ಎಷ್ಟೇ ಕರೆದರೂ ಅದು ಅರಣ್ಯ, ಇಲಾಖೆಯ ಅನುಮತಿಯಿಲ್ಲದೆ ಹಾರಿಸಬಾರದು.

ಕೊಳ್ಳುವವರಿಗೆ ಒಂದು ತೊಡಕಿದೆ. 2022ರ ಫೆಬ್ರವರಿ 9ರಿಂದ ಸಿದ್ಧ ಡ್ರೋನ್‌ಗಳ ಆಮದಿಗೆ ಕೇಂದ್ರ ಸರ್ಕಾರ ನಿಷೇಧ ಹೇರಿದೆ; ಸಂಶೋಧನೆ, ರಕ್ಷಣೆ, ಭದ್ರತೆಗೆ ಮಾತ್ರ ವಿನಾಯಿತಿ. ಆದ್ದರಿಂದ ಹಳೆಯ ಮಿನಿ ಕೊಳ್ಳುವುದಾದರೆ ನಿಷೇಧಕ್ಕೆ ಮುಂಚಿನ ಜಿಎಸ್‌ಟಿ ಬಿಲ್ಲು, ನೋಂದಣಿ ಸಂಖ್ಯೆ ಎರಡನ್ನೂ ಕೇಳಿ. ಬ್ಯಾಟರಿ ತೆಗೆದು ಮೇಜಿನ ಮೇಲಿಡಿ, ಹೊಟ್ಟೆ ಉಬ್ಬಿದ್ದರೆ ಬೇಡ. ಜಿಂಬಲ್ ಆನ್ ಮಾಡಿದಾಗ ನಡುಗದೆ ನೇರ ನಿಲ್ಲಬೇಕು. ಕಾಗದ ಸರಿಯಿಲ್ಲದಿದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟುಬನ್ನಿ.